ಜೆರಾಕ್ಸ್ ಮಾತ್ರೆ: ಇಮಾಟಿನಿಬ್ 400, ಆರು ವರ್ಷ ನುಂಗಿದ ಮೇಲೆ

ಆರು ವರ್ಷದಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ಮಾತ್ರೆ ನುಂಗಿದ್ದೇನೆ. ದಿನಕ್ಕೊಂದು, ಮಧ್ಯಾಹ್ನದ ಊಟ ಆದ ಮೇಲೆ. ಮಿಕ್ಸಿ ತಂದು ಎರಡು ದಿನ ಚಟ್ನಿ ರುಬ್ಬಿ ಪುಟಗಟ್ಟಲೆ ವಿಮರ್ಶೆ ಬರೆಯುವವರಿದ್ದಾರೆ. ಇಷ್ಟು ಬಳಸಿದ ನನಗೂ ನಾಲ್ಕು ಮಾತು ಬರೆಯುವ ಹಕ್ಕಿದೆ, ಅಲ್ವಾ?

ಮಾತ್ರೆಯ ಹೆಸರು ಇಮಾಟಿನಿಬ್, 400 ಮಿಲಿಗ್ರಾಂ. ಕಾಯಿಲೆ ಸಿಎಂಎಲ್, ರಕ್ತದ ಕ್ಯಾನ್ಸರಿನ ಒಂದು ಜಾತಿ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಆರು ವರ್ಷದಲ್ಲಿ ಮೂರು ಕಂಪನಿಯವು ನುಂಗಿದ್ದೇನೆ, ಮೂರೂ ಜೆನೆರಿಕ್, ಅಂದರೆ ಮೂಲ ಕಂಪನಿಯದಲ್ಲ, ಅದೇ ಔಷಧಿಯನ್ನು ಬೇರೆಯವರು ಮಾಡಿದ್ದು. ನನ್ನ ಭಾಷೆಯಲ್ಲಿ ಹೇಳುವುದಾದರೆ ಜೆರಾಕ್ಸ್. ತಿಪಟೂರಿನಲ್ಲಿ ಕೋರ್ಟ್ ಹತ್ತಿರ ನಂದೊಂದು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಕಾಪಿ ತೆಗೆಯುವುದೇ ಕಸುಬು. ಪಹಣಿ, ಆಧಾರ್, ಕ್ರಯಪತ್ರ, ಜಾತಿ ಸರ್ಟಿಫಿಕೇಟು, ಏನು ಕೊಟ್ಟರೂ ಒಂದು ನಿಮಿಷದಲ್ಲಿ ಇನ್ನೊಂದು ಕೈಗಿಡುತ್ತೇನೆ. ಹಾಗಾಗಿ ಅಸಲು, ನಕಲು ಅನ್ನುವ ಮಾತು ಬಂದರೆ ನನಗೆ ಸುಮ್ನೆ ಕೂರಕ್ಕಾಗಲ್ಲ.

ಮೊದಲು ಮಾತ್ರೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ದೊಡ್ಡದು. ಹುಣಸೆ ಬೀಜಕ್ಕಿಂತ ಉದ್ದ. ಬಣ್ಣ ಕಂಪನಿಗೊಂದು, ಒಬ್ಬರದು ಕಾವಿ, ಇನ್ನೊಬ್ಬರದು ಹಳೇ ಅರಿಶಿನ. ರುಚಿ ಕೇಳಬೇಡಿ, ನಾಲಿಗೆ ಮೇಲೆ ಎರಡು ಸೆಕೆಂಡ್ ಜಾಸ್ತಿ ನಿಂತರೆ ದಿನವಿಡೀ ಕಹಿ. ಬರೀ ಹೊಟ್ಟೆಯಲ್ಲಿ ನುಂಗುವಂತಿಲ್ಲ. ಎರಡನೇ ದಿನವೇ ಆ ತಪ್ಪು ಮಾಡಿ ಬಚ್ಚಲಲ್ಲಿ ಅರ್ಧ ಗಂಟೆ ಬಗ್ಗಿ ನಿಂತಿದ್ದೆ. ಈಗ ಮುದ್ದೆ ಉಂಡು, ಮಜ್ಜಿಗೆ ಅನ್ನ ಮುಗಿಸಿ, ದೊಡ್ಡ ಲೋಟದ ತುಂಬಾ ನೀರಿನ ಜತೆ ನುಂಗುತ್ತೇನೆ. ಆಮೇಲೆ ಅರ್ಧ ಗಂಟೆ ಮಲಗುವುದಿಲ್ಲ. ಅಂಗಡಿಗೆ ಬಂದು ಟೋನರ್ ತುಂಬುವುದೋ ಹಾಳೆ ಜೋಡಿಸುವುದೋ ಮಾಡುತ್ತೇನೆ.

ತೊಂದರೆಗಳು ಇವೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ. ಮೊದಲ ಗಿರಾಕಿ ಬಂದು, "ಏನ್ ಸ್ವಾಮಿ, ರಾತ್ರಿ ಇಸ್ಪೀಟಾ?" ಅಂತ ಕೇಳದ ದಿನ ಕಡಿಮೆ. ಚರ್ಮದ ಬಣ್ಣ ತಿಳಿಯಾಗಿದೆ. ನಮ್ಮ ಅತ್ತಿಗೆ ಅದನ್ನು ಕಳೆ ಅಂದುಕೊಂಡು ಯಾವ ಸೋಪು ಅಂತ ಕೇಳಿದ್ದರು. ಎಲ್ಲಕ್ಕಿಂತ ದೊಡ್ಡ ಕಾಟ ರಾತ್ರಿ ಮೂರು ಗಂಟೆಗೆ ಮೀನಖಂಡ ಹಿಡಿದುಕೊಳ್ಳುವುದು. ಹಗ್ಗ ಹೊಸೆದ ಹಾಗೆ ತಿರುಚುತ್ತದೆ. ಎದ್ದು ಗೋಡೆಗೆ ಪಾದ ಒತ್ತಿ ನಿಲ್ಲಬೇಕು.

ಡಬ್ಬಿಯೊಳಗಿನ ಚೀಟಿಗೆ ಒಂದು ಅಂಕ ಕಳೆಯುತ್ತೇನೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷ್. ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಅದರಲ್ಲಿದೆ. ನನ್ನ ಮಗ ಓದಿ ದ್ರಾಕ್ಷಿ ಅಂತ ಹೇಳಿದ. ನಮ್ಮನೆಯವಳು ಅವತ್ತಿನಿಂದ ದ್ರಾಕ್ಷಿ ಬಂದ್ ಮಾಡಿದಳು. ಪಾಯಸದಲ್ಲಿ ಬಿದ್ದ ಒಣದ್ರಾಕ್ಷಿಯನ್ನೂ ಚಮಚದಲ್ಲಿ ಆರಿಸಿ ತೆಗೆದಳು. ತಿಂಗಳಾದ ಮೇಲೆ ಡಾಕ್ಟರಿಗೆ ಹೇಳಿದರೆ ಅವರು ಪೆನ್ನು ಕೆಳಗಿಟ್ಟು ನಕ್ಕರು. "ಅದು ಚಕ್ಕೋತದ ಜಾತಿಯ ಹಣ್ಣು ಕಣ್ರೀ. ದ್ರಾಕ್ಷಿ ಏನ್ ಮಾಡ್ತು ಪಾಪ?"

ಮಾತ್ರೆ ಮಾಡುವ ಕೆಲಸದ ಬಗ್ಗೆ ಮಾತ್ರ ಒಂದು ಮಾತು ಆಡುವ ಹಾಗಿಲ್ಲ. ಹರ್ನಿಯಾ ಆಪರೇಷನ್‌ಗೆ ಅಂತ ರಕ್ತ ಕೊಟ್ಟಿದ್ದೆ. ಬಿಳಿ ರಕ್ತಕಣ ಹನ್ನೊಂದು ಸಾವಿರದೊಳಗೆ ಇರಬೇಕು, ನನ್ನದು 1,80,000 ಬಂತು. ಲ್ಯಾಬಿನ ಹುಡುಗ ಮಿಷನ್ ಕೆಟ್ಟಿದೆ ಅಂದುಕೊಂಡು ಮತ್ತೆ ರಕ್ತ ತೆಗೆದ. ಮಿಷನ್ ಸರಿಯಾಗೇ ಇತ್ತು. ಮಾತ್ರೆ ಶುರು ಮಾಡಿ ಐದನೇ ವಾರಕ್ಕೆ ಎಂಟು ಸಾವಿರಕ್ಕೆ ಇಳಿಯಿತು. ಈಗ ಬಿಸಿಆರ್-ಎಬಿಎಲ್ ಅಂತ ಒಂದು ಪರೀಕ್ಷೆ ಆಗಾಗ ಮಾಡಿಸಬೇಕು, ಅದರಲ್ಲಿ ಮೂರು ವರ್ಷದಿಂದ ಕಾಯಿಲೆ ಸುಳಿವು ಕೊಟ್ಟಿಲ್ಲ.

ಈ ಬಿಸಿಆರ್-ಎಬಿಎಲ್ ಕಥೆ ನನಗೆ ಭಾರಿ ಇಷ್ಟ, ಯಾಕೆಂದರೆ ಅದರಲ್ಲಿ ಕತ್ತರಿ ಬರುತ್ತದೆ. ಸಿಎಂಎಲ್ ಇರುವವರ ರಕ್ತಕಣದಲ್ಲಿ ಒಂದು ಕ್ರೋಮೋಸೋಮು (ವರ್ಣತಂತು) ಮೋಟಾಗಿರುವುದನ್ನು 1960ರಲ್ಲೇ ಫಿಲಡೆಲ್ಫಿಯಾದಲ್ಲಿ ಕಂಡಿದ್ದರು. ತುಂಡಾದ ಭಾಗ ಎಲ್ಲಿ ಹೋಯಿತು ಅಂತ ಕಂಡುಹಿಡಿದದ್ದು ಷಿಕಾಗೋದ ಜ್ಯಾನೆಟ್ ರೌಲಿ, 1973ರಲ್ಲಿ. ಆಯಮ್ಮ ಕ್ರೋಮೋಸೋಮಿನ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಕತ್ತರಿಸಿ ಜೋಡಿಸುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡ್ತಾಳೆ ಅಂತ ಮಕ್ಕಳು ರೇಗಿಸುತ್ತಿದ್ದರಂತೆ. 9ನೆಯದರ ತುಂಡು 22ಕ್ಕೆ, 22ರ ತುಂಡು 9ಕ್ಕೆ ಅಂಟಿಕೊಂಡಿತ್ತು. ಹಾಗೆ ತಪ್ಪಾಗಿ ಅಂಟಿದ ಜಾಗದಲ್ಲಿ ಹುಟ್ಟುವ ಬಿಸಿಆರ್-ಎಬಿಎಲ್ ಅನ್ನುವ ಪ್ರೋಟೀನು ರಕ್ತಕಣಗಳಿಗೆ "ಹೆರು, ಹೆರು" ಅಂತ ಹೇಳುತ್ತಲೇ ಇರುತ್ತದೆ. ನನ್ನ ಮಾತ್ರೆ ಅದರ ಬಾಯಿ ಮುಚ್ಚಿಸುತ್ತದೆ. ಅಮೆರಿಕದ ಬ್ರಯನ್ ಡ್ರುಕರ್ ಅನ್ನುವ ಡಾಕ್ಟರು ಹಟ ಹಿಡಿದು ಇದನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡಿಸಿದರು. ಬೇರೆ ಔಷಧಿ ಕೆಲಸ ಮಾಡದಿದ್ದ 54 ಜನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟಾಗ 53 ಜನರ ರಕ್ತದ ಲೆಕ್ಕ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಈ ಜನ ಇಲ್ಲದಿದ್ದರೆ ನನಗೆ ಜೆರಾಕ್ಸ್ ತೆಗೆಯಲು ಅಸಲೇ ಇರುತ್ತಿರಲಿಲ್ಲ. ಮುಂದೆ ನಾನು ಬಯ್ಯುವಾಗ ಇದು ನೆನಪಿರಲಿ.

ಈಗ ರೇಟು.

ಮೊದಲ ತಿಂಗಳು ಬೆಂಗಳೂರಿನಲ್ಲಿ ಆಸ್ಪತ್ರೆ ಎದುರಿನ ಒಂದು ಮೆಡಿಕಲ್ಸ್‌ನಲ್ಲಿ ಮೂವತ್ತು ಮಾತ್ರೆಗೆ ಆರು ಸಾವಿರ ಚಿಲ್ಲರೆ ಕೊಟ್ಟೆ. ಎಂಆರ್‌ಪಿ ಎಷ್ಟಿತ್ತೋ ಅಷ್ಟು. ಕ್ಯಾನ್ಸರ್ ಮಾತ್ರೆ ಅಂದ ಮೇಲೆ ಚೌಕಾಸಿ ಮಾಡುವುದುಂಟೇ ಅಂತ ಬಾಯಿ ಮುಚ್ಚಿಕೊಂಡು ಎಣಿಸಿದೆ. ಮುಂದಿನ ಸಲ ಓಪಿಡಿಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಹಾಸನ ಕಡೆಯ ಯಜಮಾನರೊಬ್ಬರು ನನ್ನ ಬಿಲ್ಲು ನೋಡಿ ಹಣೆ ಚಚ್ಚಿಕೊಂಡರು. "ಅದೇ ಕಂಪನಿ, ಅದೇ ಮಾತ್ರೆ, ಹಿಂದಿನ ರಸ್ತೆಯಲ್ಲಿ ಅರ್ಧಕ್ಕಿಂತ ಕಡಿಮೆ ಸಿಗುತ್ತೆ ಕಣಪ್ಪಾ." ಹೋಗಿ ಕೇಳಿದೆ. ಎರಡೂವರೆ ಸಾವಿರ. ಬಿಲ್ಲು ಸಮೇತ. ಎದುರಿನ ಅಂಗಡಿಯವನನ್ನು ಆಮೇಲೆ ಕೇಳಿದ್ದಕ್ಕೆ, "ಅಂಕಲ್, ನೀವು ಡಿಸ್ಕೌಂಟ್ ಕೇಳಲೇ ಇಲ್ವಲ್ಲ" ಅಂದ. ಎರಡೂ ಬಿಲ್ಲನ್ನು ಒಂದೇ ಹಾಳೆಯಲ್ಲಿ ಜೆರಾಕ್ಸ್ ತೆಗೆದು ಫೈಲಿಗೆ ಹಾಕಿಟ್ಟಿದ್ದೇನೆ.

ಆದರೆ ನನಗೆ ಆರು ಸಾವಿರವೂ ಅಗ್ಗವೇ ಆಗಿತ್ತು ಅಂತ ಗೊತ್ತಾದದ್ದು ನಮ್ಮ ಅಂಗಡಿಯಲ್ಲೇ. ನಮ್ಮ ಗಿರಾಕಿ ವಕೀಲರೊಬ್ಬರ ಮಗಳು ಮೈಸೂರಿನಲ್ಲಿ ಲಾ ಓದುತ್ತಾಳೆ. ಕಾಲೇಜಿನ ಯಾವುದೋ ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯಕ್ಕೆ) ಬೇಕು ಅಂತ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಪ್ರಿಂಟ್ ಹಾಕಲು ಕೊಟ್ಟಳು. ನೂರಕ್ಕೂ ಮೇಲೆ ಪುಟ. ನಾನು ಹಾಳೆ ಓದುವವನಲ್ಲ, ಇಂಕು ಸರಿಯಾಗಿ ಬಿದ್ದಿದೆಯಾ ಅಂತ ಮಾತ್ರ ನೋಡುವವನು. ಶುರುವಿನಲ್ಲೇ ಒಂದು ಹಾಳೆಯಲ್ಲಿ ನನ್ನ ಮಾತ್ರೆಯ ಹೆಸರು ಕಂಡಿತು. ಹಾಳೆ ಇನ್ನೂ ಬಿಸಿ ಇತ್ತು. ಅಂಗಿ ಜೇಬಿನಿಂದ ಸ್ಟ್ರಿಪ್ ತೆಗೆದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಅದೇ.

"ಏನಮ್ಮಾ ಇದು, ನನ್ನ ಮಾತ್ರೆ ಮೇಲೆ ಕೇಸು?"

"ಅಂಕಲ್, ನೀವು ಇದನ್ನ ತಗೊಳ್ತೀರಾ?" ಅಂತ ಆ ಹುಡುಗಿ ಸ್ಟೂಲ್ ಎಳೆದುಕೊಂಡು ಕೂತಳು. ಸ್ಪೈರಲ್ ಹಾಕುವಷ್ಟರಲ್ಲಿ ಇಡೀ ಕಥೆ ಹೇಳಿದಳು. ಆಮೇಲೆ ಇನ್ನೊಂದು ಕಾಪಿ ತೆಗೆದು ನಾನೇ ಇಟ್ಟುಕೊಂಡೆ. ಡಿಕ್ಷನರಿ ಹಿಡಿದು ಎರಡು ತಿಂಗಳು ಓದಿದೆ.

ಕಥೆ ಹೀಗೆ. ಪೇಟೆಂಟ್ ಅಂದರೆ ಕಂಡುಹಿಡಿದವರನ್ನು ಬಿಟ್ಟು ಬೇರೆಯವರು ಮಾಡಿ ಮಾರದಂತೆ ಕೊಡುವ ಹಕ್ಕು. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಮಾವಿನಕಾಯಿ ಉಪ್ಪಿನಕಾಯಿಗೆ ಯಾರೂ ಯಜಮಾನರಲ್ಲ, ನಿಮ್ಮ ಮನೆಯ ಪಾಕಕ್ಕೆ ಮಾತ್ರ ನೀವು ಯಜಮಾನರು ಅಂದ ಹಾಗೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ ಇದರ ಬೇರು. 1995ರಲ್ಲಿ ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಬಂತು. ಹತ್ತು ವರ್ಷ ಗಡುವು ಸಿಕ್ಕಿತು, 2005ರಿಂದ ಔಷಧಿಗೂ ಇಪ್ಪತ್ತು ವರ್ಷದ ಪೇಟೆಂಟ್ ಕೊಡಲೇಬೇಕಾಯಿತು. ಆಗ ಸಂಸತ್ತಿನಲ್ಲಿ ಎಡಪಕ್ಷಗಳ ಒತ್ತಾಯ ಜೋರಿತ್ತು. ಕಾಯ್ದೆಯ 3(ಡಿ) ಕಲಮಿಗೆ ಹಲ್ಲು ಬಂದದ್ದು ಆ ತಿದ್ದುಪಡಿಯಲ್ಲಿ. ಗೊತ್ತಿರುವ ಔಷಧಿಗೇ ಹೊಸ ರೂಪ ಕೊಟ್ಟು ತಂದರೆ ಪೇಟೆಂಟ್ ಇಲ್ಲ, ಕಾಯಿಲೆ ಮೇಲೆ ಅದರ ಗುಣ ಹೆಚ್ಚಾಗಿದೆ ಅಂತ ತೋರಿಸಿದರೆ ಮಾತ್ರ ಉಂಟು.

ಅಸಲು ಮಾತ್ರೆ ಮಾಡಿದ ನೊವಾರ್ಟಿಸ್ ಕಂಪನಿ 1998ರಲ್ಲಿ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿದ್ದು ಇಮಾಟಿನಿಬ್‌ಗೆ ಅಲ್ಲ. ಅದಕ್ಕೆ ಬೇರೆ ದೇಶಗಳಲ್ಲಿ 1993ರಲ್ಲೇ ಅರ್ಜಿ ಹಾಕಿ ಆಗಿತ್ತು. ಇಲ್ಲಿ ಕೇಳಿದ್ದು ಅದರ ಲವಣದ ಬೀಟಾ ಅನ್ನುವ ಒಂದು ಹರಳು ರೂಪಕ್ಕೆ. ಸಕ್ಕರೆ, ಕಲ್ಲುಸಕ್ಕರೆ ನೆನಪಿಸಿಕೊಳ್ಳಿ. ಒಳಗಿನ ವಸ್ತು ಒಂದೇ, ಹರಳು ಕಟ್ಟಿದ ರೀತಿ ಬೇರೆ. ಡಬ್ಬದಲ್ಲಿ ಕಲ್ಲುಸಕ್ಕರೆ ಚೆನ್ನಾಗಿ ಉಳಿಯಬಹುದು, ಇರುವೆ ತಡವಾಗಿ ಬರಬಹುದು. ಹಾಗಂತ ಕಾಫಿ ಬೇರೆ ರೀತಿ ಸಿಹಿಯಾಗುತ್ತಾ? ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬೀಟಾ ಹರಳು ಚೆನ್ನಾಗಿ ಉದುರುತ್ತದೆ, ತೇವ ಕಡಿಮೆ ಹೀರುತ್ತದೆ, ಹೆಚ್ಚು ಸ್ಥಿರವಾಗಿರುತ್ತದೆ. ಇವೆಲ್ಲ ಮಾತ್ರೆ ಮಾಡುವವರಿಗೆ ಅನುಕೂಲ, ಕಾಯಿಲೆ ಗುಣವಾಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ರಕ್ತಕ್ಕೆ ಶೇಕಡ 30 ಜಾಸ್ತಿ ಸೇರುತ್ತದೆ ಅಂತ ಕಂಪನಿ ವಾದಿಸಿತು. ಅದರಿಂದ ಚಿಕಿತ್ಸೆಯಲ್ಲಿ ಏನು ಹೆಚ್ಚು ಗುಣ ಸಿಕ್ಕಿತು, ಸಾಕ್ಷಿ ಎಲ್ಲಿ ಅಂತ ಕೋರ್ಟ್ ಕೇಳಿತು. ಚೆನ್ನೈ ಕಚೇರಿ 2006ರ ಜನವರಿಯಲ್ಲಿ ಅರ್ಜಿ ತಳ್ಳಿಹಾಕಿತ್ತು. ಏಳು ವರ್ಷ ಅಲ್ಲಿ ಇಲ್ಲಿ ಸುತ್ತಿ ಸುಪ್ರೀಂ ಕೋರ್ಟೂ ತಳ್ಳಿಹಾಕಿದ್ದು 2013ರ ಏಪ್ರಿಲ್ 1ರಂದು. ನ್ಯಾಯಮೂರ್ತಿಗಳು ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ. ತಾರೀಖು ನೋಡಿ ಕಂಪನಿಯವರಿಗೆ ಏಪ್ರಿಲ್ ಫೂಲ್ ಅನ್ನಿಸಿರಬಹುದು.

ಇದರಲ್ಲಿ ನನಗೆ ತೀರಾ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ತಕರಾರು ಅರ್ಜಿ ಹಾಕಬಹುದು. ಇಲ್ಲಿ ಔಷಧಿ ಕಂಪನಿಗಳ ಜತೆ ಮುಂಬೈನ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಕೂಡ ಹಾಕಿತ್ತು. ಸೈಟಿನ ಗಡಿ ಒತ್ತುವರಿ ಆದರೆ ಪಕ್ಕದ ಮನೆಯವನು ತಕರಾರು ಹಾಕುವುದನ್ನು ದಿನಾ ನೋಡುತ್ತೇನೆ. ಮಾತ್ರೆ ನುಂಗುವವರೂ ಹಾಕಬಹುದು ಅಂತ ಗೊತ್ತಿರಲಿಲ್ಲ.

ಆಗಿನ ರೇಟು ಹೇಳಲಿಲ್ಲ ಅಲ್ವಾ? ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1,20,000 ರೂಪಾಯಿ. ಇಲ್ಲಿನ ಜೆನೆರಿಕ್ ಎಂಟರಿಂದ ಹತ್ತು ಸಾವಿರ. 2003ರ ಕೊನೆಯಲ್ಲಿ ಕಂಪನಿಗೆ ತಾತ್ಕಾಲಿಕವಾಗಿ ಒಬ್ಬರೇ ಮಾರುವ ಹಕ್ಕು ಸಿಕ್ಕಿತ್ತು, ಆಗ ಹಲವು ಜೆನೆರಿಕ್ ಕಂಪನಿಗಳು ಮಾರಾಟ ನಿಲ್ಲಿಸಬೇಕಾಗಿತ್ತು. ನನ್ನ ಅಂಗಡಿಯಲ್ಲಿ ಒಂದು ಪುಟಕ್ಕೆ ಎರಡು ರೂಪಾಯಿ. ಒಂದು ಲಕ್ಷ ಇಪ್ಪತ್ತು ಸಾವಿರ ಅಂದರೆ ಅರವತ್ತು ಸಾವಿರ ಪುಟ, ಪ್ರತಿ ತಿಂಗಳೂ. ಹಾಳೆ, ಕರೆಂಟು, ಬಾಡಿಗೆ ಎಲ್ಲ ಬಿಟ್ಟು. ಇಡೀ ತಿಪಟೂರು ಕೋರ್ಟನ್ನೇ ತಂದು ಮಿಷನ್ ಮೇಲೆ ಕೂರಿಸಿದರೂ ಆಗಲ್ಲ.

ಕಂಪನಿ ಪರವಾಗಿ ಹೇಳಬೇಕಾದದ್ದೂ ಇದೆ. ಕೊಳ್ಳಲಾಗದವರಿಗೆ ಅವರು ಗ್ಲಿವೆಕ್ ಪುಕ್ಕಟೆ ಕೊಡುತ್ತಿದ್ದರು. ಆಗ ಭಾರತದಲ್ಲಿ ಹಾಗೆ ಪಡೆಯುತ್ತಿದ್ದವರು ಸುಮಾರು 16,000 ಜನ ಅಂತ ಕಂಪನಿಯೇ ಹೇಳಿತ್ತು. ಪುಕ್ಕಟೆ ಮಾತ್ರೆಯಿಂದ ಉಳಿದ ಜೀವವೂ ಜೀವವೇ, ನಾನು ಅದನ್ನು ಹಗುರ ಮಾಡಲ್ಲ. ಆದರೆ ನನ್ನಂಥವನು ಆ ಸಾಲಿನಲ್ಲಿ ನಿಂತಿದ್ದರೆ ಏನೇನು ಕಾಗದ ಜೋಡಿಸಬೇಕಿತ್ತು, ಯಾರು ನೋಡಿ ಒಪ್ಪಬೇಕಿತ್ತು, ಮುಂದಿನ ವರ್ಷ ಕೊಡಲ್ಲ ಅಂದರೆ ಯಾರನ್ನು ಕೇಳಬೇಕಿತ್ತು? ದಿನಾ ಆದಾಯ ಪ್ರಮಾಣಪತ್ರದ ಕಾಪಿ ತೆಗೆಯುವವನಿಗೆ ಆ ಸಾಲು ಹೇಗಿರುತ್ತದೆ ಅಂತ ಗೊತ್ತು. ಹಿಂದಿನ ರಸ್ತೆಯ ಅಂಗಡಿಯಲ್ಲಿ ಎರಡೂವರೆ ಸಾವಿರ ಎಣಿಸಿ, ಬಿಲ್ಲು ಇಸಕೊಂಡು, "ಹರಿದಿರೋ ಸ್ಟ್ರಿಪ್ ಬೇಡ, ಬೇರೆ ಕೊಡಪ್ಪಾ" ಅಂತ ಗದರುತ್ತೇನಲ್ಲ, ಆ ದನಿ ದಾನ ತಗೊಳ್ಳುವಾಗ ಬರಲ್ಲ.

ಕಾಯ್ದೆಯಲ್ಲಿ ನೀತಿ ಅನ್ನುವ ಮಾತು ಎಲ್ಲಿದೆ ಅಂತ ಆ ಹುಡುಗಿಯನ್ನು ಕೇಳಿದೆ. 3(ಬಿ)ಯಲ್ಲಿ ಇದೆಯಂತೆ. ನೀತಿಗೆ ವಿರುದ್ಧವಾದದ್ದಕ್ಕೆ, ಮನುಷ್ಯರಿಗೆ, ಪ್ರಾಣಿಗಳಿಗೆ, ಗಿಡಮರಕ್ಕೆ ಕೇಡು ಮಾಡುವುದಕ್ಕೆ ಪೇಟೆಂಟ್ ಇಲ್ಲ ಅಂತ. ಓದಲು ಚೆಂದ. ಆದರೆ ನನ್ನ ಮಾತ್ರೆಯ ರೇಟು ಇಳಿಸಿದ್ದು ಅದಲ್ಲ, 3(ಡಿ). ಅದರಲ್ಲಿ ನೀತಿ ಅನ್ನುವ ಪದವೇ ಇಲ್ಲ. ಹರಳು, ಲವಣ, ಗುಣ ಅಂತ ಬರೀ ಲ್ಯಾಬಿನ ಭಾಷೆ. ದೊಡ್ಡ ಮಾತು ಗೋಡೆಗೆ ನೇತುಹಾಕಿದ ಫೋಟೋ ಥರ ಇತ್ತು, ಕೆಲಸ ಮಾಡಿದ್ದು ಸಣ್ಣಕ್ಷರದ ಕಲಮು.

ಕಾಪಿ ತೆಗೆಯುವುದು ಕಳ್ಳತನ ಅನ್ನುವವರಿಗೆ ನಮ್ಮ ಕಸುಬಿನ ಒಂದು ಕಥೆ ಹೇಳಬೇಕು. ಈ ಮಿಷನ್ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ನ್ಯೂಯಾರ್ಕಿನಲ್ಲಿ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲೇ ಕೆಲಸಕ್ಕಿದ್ದರು! ಪೇಟೆಂಟ್ ಕಾಗದಗಳ ಕಾಪಿ ಸಾಲದೆ ಒದ್ದಾಡಿ, 1938ರಲ್ಲಿ ಬಾಡಿಗೆ ಕೋಣೆಯಲ್ಲಿ ಮೊದಲ ಕಾಪಿ ತೆಗೆದರು. 1942ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಜೆರಾಕ್ಸ್ ಕಂಪನಿಯ ದೊಡ್ಡ ಮಿಷನ್ ಬಂದದ್ದು 1959ರಲ್ಲಿ. ಆಮೇಲೆ ಪೇಟೆಂಟುಗಳ ಬೇಲಿ ಎಷ್ಟು ಎತ್ತರ ಆಯಿತೆಂದರೆ, ಅವನ್ನು ಬೇರೆ ಕಂಪನಿಗಳಿಗೂ ಲೈಸೆನ್ಸ್ ಕೊಡಬೇಕು ಅಂತ 1975ರಲ್ಲಿ ಅಮೆರಿಕದ ಸರ್ಕಾರವೇ ಒಪ್ಪಿಸಬೇಕಾಯಿತು. ನನ್ನ ಅಂಗಡಿಯಲ್ಲಿರುವುದು ಜಪಾನಿನ ಮಿಷನ್. ಜೆರಾಕ್ಸ್ ಅಂತ ಕರೆಯುತ್ತೇವೆ ಅಷ್ಟೇ.

ನನಗೂ ಒಂದು ಗೆರೆ ಇದೆ. ನೋಟು ಕಾಪಿ ತೆಗೆಯಲ್ಲ. ಅಂಕಪಟ್ಟಿಯಲ್ಲಿ ಒಂದಂಕಿ ಬದಲಾಯಿಸಿ ಕಾಪಿ ತೆಗೆದುಕೊಡಿ ಅಂದವನನ್ನು ಆಚೆ ಕಳಿಸಿದ್ದೇನೆ. ಪಹಣಿಯ ಕಾಪಿ ತೆಗೆದರೆ ಜಮೀನು ಕದ್ದ ಹಾಗಲ್ಲ. ಆದರೆ ಹಳೇ ಪಹಣಿಗೆ ಹೊಸ ಸ್ಪೈರಲ್ ಹಾಕಿಸಿ "ಇದು ಬೇರೆ ಜಮೀನು" ಅಂತ ಬಂದರೆ ತಹಶೀಲ್ದಾರರು ನಗುತ್ತಾರೆ. ಬೀಟಾ ಹರಳಿನ ಕೇಸು ನನಗೆ ಅರ್ಥ ಆಗಿದ್ದು ಹೀಗೆ.

ಕಾಪಿ ಅಂದ ಮೇಲೆ ಗುಣಮಟ್ಟದ ಭಯ ನನಗೂ ಇತ್ತು. ಟ್ರೂ ಕಾಪಿ ಅಂತ ಸೀಲು ಒತ್ತುವ ಗೆಜೆಟೆಡ್ ಆಫೀಸರು ಇಲ್ಲಿ ಯಾರು? ಎರಡನೇ ವರ್ಷ ಅಂಗಡಿಯವನು ಸ್ಟಾಕ್ ಇಲ್ಲ ಅಂತ ಬೇರೆ ಕಂಪನಿಯದು ಕೊಟ್ಟ. ಕಾವಿ ಹೋಗಿ ಅರಿಶಿನ ಬಂತು. ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರು, "ಮೂರು ತಿಂಗಳು ನುಂಗಿ, ಪರೀಕ್ಷೆ ಮಾಡಿಸಿ ನೋಡೋಣ, ರಕ್ತ ಸುಳ್ಳು ಹೇಳಲ್ಲ" ಅಂದರು. ರಿಪೋರ್ಟು ಹಿಂದಿನ ಥರವೇ ಬಂತು. ಆ ಪರೀಕ್ಷೆಯೇ ನನ್ನ ಗೆಜೆಟೆಡ್ ಆಫೀಸರ್. ಆದರೆ ಒಂದು ಪರೀಕ್ಷೆಗೆ ಎರಡು ತಿಂಗಳ ಮಾತ್ರೆಯ ದುಡ್ಡು ಹೋಗುತ್ತದೆ. ಅದಕ್ಕೆ ಯಾವ 3(ಡಿ)ಯೂ ಇಲ್ಲ.

ಎಲ್ಲರಿಗೂ ನನ್ನ ಅದೃಷ್ಟ ಇಲ್ಲ ಅನ್ನುವುದೂ ಬೆಂಚಿನ ಮೇಲೇ ಗೊತ್ತಾಯಿತು. ಹಾಸನದ ಯಜಮಾನರ ತಮ್ಮನಿಗೆ ಲಿವರ್ ಕ್ಯಾನ್ಸರ್ ಇತ್ತಂತೆ, ಸೊರಾಫೆನಿಬ್ ಬರೆದಿದ್ದರು. ಬೇಯರ್ ಕಂಪನಿಯ ಆ ಔಷಧಿಯ ಹೆಸರು ನೆಕ್ಸಾವರ್, 2012ರಲ್ಲಿ ತಿಂಗಳಿಗೆ 2,80,428 ರೂಪಾಯಿ ಇತ್ತು. ಅದಕ್ಕೆ ಪೇಟೆಂಟ್ ಸರಿಯಾಗಿಯೇ ಇತ್ತು, 3(ಡಿ) ಏನೂ ಮಾಡುವಂತಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟರು, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ಬೇರೆಯವರು ಮಾಡಿ ಮಾರಲು ಸರ್ಕಾರ ಕೊಡುವ ಅನುಮತಿ. ತಿಂಗಳ ಔಷಧಿಯನ್ನು ಸುಮಾರು 8,800ಕ್ಕೆ ಮಾರಬೇಕು, ಬೇಯರ್‌ಗೆ ನೂರಕ್ಕೆ ಆರರಂತೆ ರಾಯಲ್ಟಿ ಕಟ್ಟಬೇಕು ಅಂತ. ಅದಾದ ಮೇಲೆ ಅಂಥ ಇನ್ನೊಂದು ಲೈಸೆನ್ಸ್ ಈ ದೇಶ ಕಂಡಿಲ್ಲ. ಬಾಗಿಲು ಇದೆ, ಬೀಗ ತೆಗೆಯುವವರಿಲ್ಲ. ನನಗೆ ಈ ಮಾತ್ರೆ ನಾಳೆ ಕೆಲಸ ಮಾಡುವುದು ನಿಲ್ಲಿಸಿದರೆ ಅಂತ ಕೆಲವೊಮ್ಮೆ ಮೂರು ಗಂಟೆಗೆ ಗೋಡೆಗೆ ಪಾದ ಒತ್ತಿ ನಿಂತಾಗ ಯೋಚಿಸುತ್ತೇನೆ.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಳೆದದ್ದು ಆ ಚೀಟಿಗೆ. ಮೀನಖಂಡದ ನೋವಿಗೆ ಕಳೆದಿಲ್ಲ.

ತಿಪಟೂರಿನ ಸುತ್ತಮುತ್ತ ಹೊಸದಾಗಿ ಈ ಮಾತ್ರೆ ಶುರು ಮಾಡಿದವರಿದ್ದರೆ ಅಂಗಡಿಗೆ ಬನ್ನಿ. ಡಾಕ್ಟರಿಗೆ ತೋರಿಸಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಮಾಡಿಟ್ಟಿದ್ದೇನೆ. ದುಡ್ಡು ಬೇಡ. ಹೇಗೆ ನುಂಗಬೇಕು, ಎಂಆರ್‌ಪಿ ನೋಡಿ ಹೆದರದೆ ನಾಲ್ಕು ಅಂಗಡಿ ಯಾಕೆ ಕೇಳಬೇಕು, ಎಲ್ಲ ಇದೆ. ಮೊದಲನೇ ಸಾಲು ನಮ್ಮನೆಯವಳು ಹೇಳಿ ಬರೆಸಿದ್ದು: ದ್ರಾಕ್ಷಿ ತಿನ್ನಬಹುದು.